ನೆರೆ ಇಳಿದ ಮೇಲೆ: ಮೂಸಿ ನದಿಯ ದಂಡೆಯಿಂದ ಕೆಲವು ಮಾತು



ನೆರೆಯ ಬಗ್ಗೆ ಮಾತನಾಡಲು ನೆರೆಯೇ ಬರಲಿ ಎಂದು ಕಾಯುವುದು ನಮ್ಮ ರೂಢಿ. ನೀರು ಹೊಸ್ತಿಲು ದಾಟಿದಾಗ ಎಲ್ಲರೂ ಮಾತನಾಡುತ್ತೇವೆ, ಇಳಿದ ಹದಿನೈದು ದಿನಕ್ಕೆ ಮರೆಯುತ್ತೇವೆ. ಆದ್ದರಿಂದ ಈ ಸಲ ಬಿಸಿಲು ಇರುವಾಗಲೇ, ಮೊದಲ ಮಳೆಗೆ ಇನ್ನೂ ಕೆಲವು ವಾರ ಇರುವಾಗಲೇ, ಈ ವಿಷಯವನ್ನು ಆರಿಸಿಕೊಂಡಿದ್ದೇನೆ. ಹೈದರಾಬಾದಿನಲ್ಲಿ ನೆಲೆಸಿರುವ ನಮಗೆ ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಮುಂಬಯಿಯ 2005, ಚೆನ್ನೈನ 2015, ಬೆಂಗಳೂರಿನ 2022 ಇವೆಲ್ಲ ತಮಗೆ ನೆನಪಿರಬಹುದು. ಆದರೆ ನೆರೆಯಿಂದ ಪಾಠ ಕಲಿತು, ಆ ಪಾಠವನ್ನು ಕಲ್ಲು ಗಾರೆಯಲ್ಲಿ ಕಟ್ಟಿ, ಮತ್ತೆ ನಿಧಾನವಾಗಿ ಅದನ್ನೇ ಮರೆತ ಊರು ನಮ್ಮದು. ಈ ಕಥೆಯಲ್ಲಿ ಒಬ್ಬ ದೊಡ್ಡ ಕನ್ನಡಿಗರೂ ಬರುತ್ತಾರೆ.

ಅಫ್ಜಲ್‌ಗಂಜ್ ಕಡೆ ಹೋಗುವವರು ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹಳೆಯ ಹುಣಸೆ ಮರವನ್ನು ನೋಡಿರಬಹುದು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಬಂದಾಗ ಸುಮಾರು 150 ಜನ ಆ ಮರ ಹತ್ತಿ ಜೀವ ಉಳಿಸಿಕೊಂಡರೆಂದು ಹೇಳುತ್ತಾರೆ. ಅಲ್ಲಿದ್ದ ಹಳೆಯ ಆಸ್ಪತ್ರೆ ಕೊಚ್ಚಿಹೋಯಿತು. ಅಫ್ಜಲ್ ಸೇತುವೆ, ಮುಸಲ್ಲಮ್ ಜಂಗ್ ಸೇತುವೆ, ಚಾದರ್‌ಘಾಟ್ ಸೇತುವೆ ಮೂರೂ ಹೋದವು. 1578ರಲ್ಲಿ ಕುತುಬ್‌ಶಾಹಿಗಳು ಕಟ್ಟಿದ್ದ ಪುರಾನಾಪುಲ್ ಒಂದೇ ಊರಿನ ಎರಡು ದಡಗಳ ನಡುವೆ ಉಳಿಯಿತು. ಸತ್ತವರ ಸಂಖ್ಯೆ ಸುಮಾರು 15,000 ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಊರಿನ ಜನಸಂಖ್ಯೆಯ ಸುಮಾರು ಕಾಲುಭಾಗ ಮನೆ ಕಳೆದುಕೊಂಡಿತು. ಹಳೆ ನಗರದ ಹಿರಿಯರು ಅದನ್ನು 'ತುಗಿಯಾನಿ ಸಿತಂಬರ್' ಎಂದು ಕರೆಯುತ್ತಿದ್ದರು. ತುಗಿಯಾನಿ ಎಂದರೆ ಪ್ರವಾಹ, ಸಿತಂಬರ್ ಎಂದರೆ ಸೆಪ್ಟೆಂಬರ್.

ಆಗ ಆಳುತ್ತಿದ್ದವರು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್. ಗಂಜಿ ಕೇಂದ್ರಗಳು ತೆರೆದವು, ಪರಿಹಾರ ಹಂಚಿಕೆಯಾಯಿತು. ಇಷ್ಟು ಎಲ್ಲ ನೆರೆಯ ನಂತರವೂ ನಡೆಯುತ್ತದೆ. ನನಗೆ ಮುಖ್ಯವೆನಿಸುವುದು ಅದರ ಮುಂದಿನ ಹೆಜ್ಜೆ. ನೀರು ಏಕೆ ಇಷ್ಟು ಬಂತು, ಇನ್ನೊಮ್ಮೆ ಬಂದರೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಸರ್ಕಾರ ಕೇಳಿತು, ಅದಕ್ಕೆ ಉತ್ತರ ಹೇಳಬಲ್ಲವರನ್ನು ಹುಡುಕಿತು. ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಿಂದ ಹೊರಬಂದು ವಿದೇಶ ಪ್ರವಾಸದಲ್ಲಿದ್ದ ಎಂ. ವಿಶ್ವೇಶ್ವರಯ್ಯನವರಿಗೆ ಇಟಲಿಯಲ್ಲಿದ್ದಾಗ ಹೈದರಾಬಾದಿನ ತಂತಿ ತಲುಪಿತು. 1909ರಲ್ಲಿ ಅವರು ಇಲ್ಲಿಗೆ ಬಂದರು. ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆದದ್ದು, ದಿವಾನರಾದದ್ದು ಎಲ್ಲ ಇದರ ನಂತರ. ನಮ್ಮ ಮನೆಗಳಲ್ಲಿ ಅವರ ಹೆಸರು ಬಂದರೆ ಕನ್ನಂಬಾಡಿಯಿಂದ ಶುರುವಾಗುತ್ತದೆ. ಮೂಸಿಯ ದಂಡೆಯ ಈ ಕೆಲಸ ಅದಕ್ಕೂ ಮೊದಲಿನದು.

ಅವರು ಕಂಡುಕೊಂಡದ್ದೇನು? ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ ಸುಮಾರು 12.8 ಇಂಚು ಮಳೆ ಬಿದ್ದಿತ್ತು. ಅದು ಅಸಾಧಾರಣ ಮಳೆಯೇ. ಆದರೆ ಮಳೆಯೊಂದೇ ಊರನ್ನು ಮುಳುಗಿಸಲಿಲ್ಲ. ಊರಿಗೆ ಮೇಲ್ಭಾಗದಲ್ಲಿ, ಮೂಸಿ ಮತ್ತು ಅದರ ಉಪನದಿ ಈಸಿಗೆ ನೀರು ಹರಿದು ಬರುವ ಪ್ರದೇಶದಲ್ಲಿ, 788 ಕೆರೆಗಳಿದ್ದವು. ಹೆಚ್ಚುಕಡಿಮೆ ಚದರ ಮೈಲಿಗೊಂದು ಕೆರೆ. ಅವುಗಳಲ್ಲಿ 221 ಕೆರೆಗಳ ಏರಿ ಒಡೆದಿತ್ತು.

ಇದನ್ನು ಹಳ್ಳಿಯಿಂದ ಬಂದ ಯಾರಿಗೂ ಹೆಚ್ಚು ವಿವರಿಸಬೇಕಿಲ್ಲ. ನಮ್ಮ ಕಡೆಯ ಕೆರೆಗಳೂ ಹೀಗೇ ಸರಪಳಿಯಾಗಿರುತ್ತವೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಕೋಡಿ ಸರಿಯಿದ್ದರೆ ನೀರು ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ. ಆದರೆ ಮೇಲಿನ ಏರಿ ಒಮ್ಮೆ ಒಡೆದರೆ, ಇಡೀ ಕೆರೆಯ ನೀರು ಅರ್ಧ ತಾಸಿನಲ್ಲಿ ಕೆಳಗಿನ ಏರಿಯ ಮೇಲೆ ಬೀಳುತ್ತದೆ. ಅಷ್ಟು ನೀರನ್ನು ಯಾವ ಕೋಡಿಯೂ ದಾಟಿಸಲಾರದು. ಅದೂ ಒಡೆಯುತ್ತದೆ. ಹೀಗೆ ಒಂದು ಕೆರೆಯ ದೋಷವನ್ನು ಅದರ ಕೆಳಗಿನ ಇಪ್ಪತ್ತು ಕೆರೆಗಳು ಹೊತ್ತು ತರುತ್ತವೆ. 1908ರಲ್ಲಿ ಬೆಳಗಾಗುವಷ್ಟರಲ್ಲಿ ಚಾರ್‌ಮಿನಾರಿನ ಊರಿಗೆ ತಲುಪಿದ್ದು ಆ ಹೊರೆ.

ವಿಶ್ವೇಶ್ವರಯ್ಯನವರ ಸಲಹೆ ಕೇಳಲು ಸರಳ. ನದಿಯನ್ನು ಊರಿನೊಳಗೆ ಗೋಡೆ ಕಟ್ಟಿ ತಡೆದರೆ ಸಾಲದು, ಊರಿಗೆ ಬರುವ ಮುಂಚೆಯೇ ನೀರು ತಂಗಲು ಜಾಗ ಮಾಡಬೇಕು. ಮೂಸಿಗೆ ಒಂದು, ಈಸಿಗೆ ಒಂದು, ಎರಡು ಜಲಾಶಯ. ಜೊತೆಗೆ ನಗರದೊಳಗೆ ದಂಡೆಗಳನ್ನು ಎತ್ತರಿಸಿ ಸುಂದರಗೊಳಿಸುವುದು, ಒಳಚರಂಡಿ ವ್ಯವಸ್ಥೆ. ಮೂಸಿಯ ಮೇಲಿನ ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು, ಈಸಿಯ ಮೇಲಿನ ಹಿಮಾಯತ್ ಸಾಗರ 1927ರಲ್ಲಿ. ನಡುವೆ 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು, ಏಳನೆಯ ನಿಜಾಮರ ಕಾಲದಲ್ಲಿ ನದಿಯ ದಂಡೆಯ ಮೇಲೆ ಹೈಕೋರ್ಟ್, ಉಸ್ಮಾನಿಯಾ ಆಸ್ಪತ್ರೆಯಂತಹ ಕಟ್ಟಡಗಳು ಎದ್ದವು. ಲೆಕ್ಕ ಹಾಕಿ ನೋಡಿ. ನೆರೆ ಬಂದದ್ದು ಒಂದು ಬೆಳಗ್ಗೆ, ಚೇತರಿಕೆ ಮುಗಿದದ್ದು 19 ವರ್ಷಕ್ಕೆ. ಈ ಮಧ್ಯೆ ಒಬ್ಬ ನಿಜಾಮರು ಹೋಗಿ ಇನ್ನೊಬ್ಬರು ಬಂದರು, ಪ್ಲೇಗು ಬಂತು, ಮೊದಲ ಮಹಾಯುದ್ಧ ನಡೆದುಹೋಯಿತು. ಆದರೂ ಕೆಲಸ ನಿಲ್ಲಲಿಲ್ಲ. ಇವತ್ತು ನಾವು ಪುನರ್ವಸತಿ ಎಂದರೆ ಮೂರು ತಿಂಗಳ ಮಾತು ಎಂದುಕೊಳ್ಳುತ್ತೇವೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ನೆರೆ ತಡೆಯುವ ಜಲಾಶಯದ ಶಕ್ತಿ ಅದರಲ್ಲಿರುವ ನೀರಿನಲ್ಲಿಲ್ಲ, ಖಾಲಿ ಜಾಗದಲ್ಲಿದೆ. ಕೊಡ ತುಂಬಿದ್ದರೆ ಅದಕ್ಕೆ ಮತ್ತೆ ನೀರು ಹಿಡಿಸುವುದಿಲ್ಲವಷ್ಟೆ. ಆದರೆ ಇದೇ ಉಸ್ಮಾನ್ ಸಾಗರ ಊರಿಗೆ ಕುಡಿಯುವ ನೀರನ್ನೂ ಕೊಡುವ ಕೆರೆ. ಗಂಡಿಪೇಟೆ ನೀರು ಕುಡಿದವನು ಹೈದರಾಬಾದ್ ಬಿಡುವುದಿಲ್ಲ ಎಂಬ ಮಾತು ತಾವೂ ಕೇಳಿರುತ್ತೀರಿ, ನಮ್ಮಲ್ಲಿ ಅನೇಕರ ವಿಷಯದಲ್ಲಿ ಅದು ನಿಜವೂ ಆಗಿದೆ. ಕುಡಿಯುವ ನೀರಿನ ಲೆಕ್ಕದಲ್ಲಿ ಕೆರೆ ತುಂಬಿರಬೇಕು, ನೆರೆಯ ಲೆಕ್ಕದಲ್ಲಿ ಖಾಲಿ ಇರಬೇಕು. ಆಗಸ್ಟ್ ಕೊನೆಗೆ ಕೆರೆ ತುಂಬಿದರೆ ಪತ್ರಿಕೆಯಲ್ಲಿ ಸಂತೋಷದ ಚಿತ್ರ ಬರುತ್ತದೆ. ಆದರೆ 1908ರ ನೆರೆ ಬಂದದ್ದು ಸೆಪ್ಟೆಂಬರ್ ಕೊನೆಗೆ. 2020ರದು ಅಕ್ಟೋಬರ್ ನಡುವೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ದಖನಿನ ಕಡೆ ತಿರುಗುವ ಕಾಲ ಅದು, ಕೆರೆಗಳೆಲ್ಲ ತುಂಬಿ ನಿಂತಿರುವ ಕಾಲವೂ ಅದೇ. ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ ಮಳೆಗೆ ಮುಂಚೆಯೇ ಸ್ವಲ್ಪ ನೀರು ಬಿಟ್ಟು ಜಾಗ ಮಾಡಿಕೊಳ್ಳುವುದು ಎಂಜಿನಿಯರುಗಳ ಕೆಲಸ. ಮಳೆ ಬಾರದೆ ಹೋದರೆ ನೀರು ಪೋಲು ಮಾಡಿದರೆಂದು ಬೈಯದಿರುವುದು ನಮ್ಮ ಕೆಲಸ.

ಇನ್ನು ಮರೆವಿನ ಭಾಗಕ್ಕೆ ಬರೋಣ. 2000ದ ಆಗಸ್ಟ್ 24ರಂದು ಬೇಗಂಪೇಟೆಯಲ್ಲಿ ಒಂದೇ ದಿನ 24 ಸೆಂಟಿಮೀಟರ್ ಮಳೆಯಾಯಿತು. ಆಗ ಮುಳುಗಿದ್ದು ಮೂಸಿಯಿಂದ ಅಲ್ಲ, ನಾಲೆಗಳಿಂದ. ಹುಸೇನ್ ಸಾಗರದ ಸುತ್ತಲಿನ ತಗ್ಗುಗಳು ನೀರಾದವು. ನಾಲೆಗಳನ್ನು ಅಗಲ ಮಾಡುವ ಬಗ್ಗೆ ತಜ್ಞರ ವರದಿ ಬಂತು. ಅದರ ಬಹುಪಾಲು ಕಡತದಲ್ಲಿ ಉಳಿಯಿತು. 2020ರ ಅಕ್ಟೋಬರ್ 13ರ ರಾತ್ರಿ ಮತ್ತೆ ಅಂತಹ ಮಳೆ. ನಾಲ್ಕು ದಿನದ ಮೇಲೆ, ಅಕ್ಟೋಬರ್ 17ರಂದು, ಬಾಲಾಪುರದ ಗುರ್ರಂ ಚೆರುವಿನ ಏರಿ ಒಡೆದು ಹಳೆ ನಗರದ ಬಡಾವಣೆಗಳಿಗೆ ನೀರು ನುಗ್ಗಿತು. 1908ರ 221 ಕೆರೆಗಳ ಕಥೆ ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ಒಂದೇ ವ್ಯತ್ಯಾಸ, ಅಂದು ಕೆರೆಯ ಕೆಳಗೆ ಗದ್ದೆ ಇತ್ತು, ಇಂದು ಮೂರಂತಸ್ತಿನ ಮನೆಗಳು.

2025ರ ಸೆಪ್ಟೆಂಬರ್ ಕೊನೆಯಲ್ಲಿ, 1908ರ ನೆರೆಯ ದಿನಕ್ಕೆ ಒಂದೆರಡು ದಿನ ಮುಂಚೆ, ಎರಡೂ ಜಲಾಶಯಗಳ ಗೇಟು ತೆರೆದಾಗ ಮೂಸಿ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದೊಳಗೆ ಬಂದಿತು. ಊರಿಗೆ ಹೊರಟ ಪ್ರಯಾಣಿಕರು ರಾತ್ರಿ ಅಲ್ಲೇ ಸಿಕ್ಕಿಬಿದ್ದರು. ರಾಯಚೂರು, ಬೀದರ್, ಕಲಬುರಗಿ ಬಸ್ಸಿಗಾಗಿ ನಾವೆಲ್ಲ ನಿಂತ ನಿಲ್ದಾಣ ಅದು. ಜನ ಅದನ್ನು ಇಮ್ಲಿಬನ್ ಎನ್ನುತ್ತಾರೆ, ಅಂದರೆ ಹುಣಸೆ ತೋಪು. ನದಿಯ ಪಾತ್ರದ ನಡುವಿನ ತೋಪಿನಲ್ಲಿ ನಿಲ್ದಾಣ ಕಟ್ಟಿದ ಮೇಲೆ ನದಿ ತನ್ನ ಜಾಗಕ್ಕೆ ಒಮ್ಮೊಮ್ಮೆ ಬಂದು ನೋಡಿ ಹೋಗುತ್ತದೆ. ಬೆಂಗಳೂರಿನವರು ನಗಬೇಕಾಗಿಲ್ಲ, ಅವರ ಮೆಜೆಸ್ಟಿಕ್ ನಿಲ್ದಾಣವೂ ಧರ್ಮಾಂಬುಧಿ ಕೆರೆಯ ಅಂಗಳದಲ್ಲೇ ಇದೆ.

ಕೆರೆಗಳ ಹೆಸರುಗಳನ್ನು ನಾವು ಉಳಿಸಿಕೊಂಡಿದ್ದೇವೆ, ಕೆರೆಗಳನ್ನು ಉಳಿಸಿಕೊಂಡಿಲ್ಲ. ಮಾಸಾಬ್ ಟ್ಯಾಂಕ್ ಎಂದರೆ ಮಾ ಸಾಹೇಬರ ಕೆರೆ. ನಲ್ಲಕುಂಟ ಎಂಬ ಹೆಸರಿನಲ್ಲೇ ಕುಂಟೆ ಇದೆ. ಹೆಸರು ಓದಿದರೆ ಸಾಕು, ಮಳೆ ನೀರು ಎಲ್ಲಿ ನಿಲ್ಲಬಯಸುತ್ತದೆ ಎಂದು ಗೊತ್ತಾಗುತ್ತದೆ. ಒಂದು ಒಳ್ಳೆಯ ಸುದ್ದಿಯನ್ನೂ ಹೇಳಬೇಕು. ಅಂಬರ್‌ಪೇಟೆಯ ಬತುಕಮ್ಮ ಕುಂಟೆ ಕಸ, ಮಣ್ಣು ತುಂಬಿ ಕಣ್ಮರೆಯಾಗಿತ್ತು. 2025ರಲ್ಲಿ ಅದನ್ನು ಮತ್ತೆ ತೋಡಿದರು, ತೋಡುವಾಗಲೇ ನೀರು ಬಂತು. ಕೆರೆ ಸತ್ತಿದೆ ಎಂದು ಬರೆದುಬಿಡುವ ಮುಂಚೆ ಒಮ್ಮೆ ತೋಡಿ ನೋಡಬಹುದು.

ಜಲಾಶಯಗಳ ಸುತ್ತಲಿನ ಕಥೆ ಇನ್ನೂ ಮುಗಿದಿಲ್ಲ. 1996ರ ಮಾರ್ಚ್‌ನಲ್ಲಿ ಆಗಿನ ಆಂಧ್ರಪ್ರದೇಶ ಸರ್ಕಾರ ಹೊರಡಿಸಿದ ಜಿ.ಓ. 111 ಎಂಬ ಆದೇಶ ಎರಡೂ ಜಲಾಶಯಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯ 84 ಹಳ್ಳಿಗಳಲ್ಲಿ ಕೈಗಾರಿಕೆ, ದೊಡ್ಡ ಬಡಾವಣೆ, ಹೋಟೆಲುಗಳಿಗೆ ತಡೆ ಹಾಕಿತ್ತು. 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ಇನ್ನೊಂದು ಆದೇಶದಿಂದ ಆ ನಿರ್ಬಂಧ ಸಡಿಲಿಸಿತು. ಊರಿಗೆ ಈಗ ಕೃಷ್ಣಾ, ಗೋದಾವರಿಯ ನೀರು ಬರುತ್ತಿದೆ, ಈ ಕೆರೆಗಳನ್ನೇ ನಂಬಿಕೊಂಡಿಲ್ಲ ಎಂಬುದು ಕೊಟ್ಟ ಕಾರಣಗಳಲ್ಲೊಂದು. ಕುಡಿಯುವ ನೀರಿನ ಮಟ್ಟಿಗೆ ಆ ಮಾತಿನಲ್ಲಿ ಸತ್ಯವಿದೆ. ಆ ಹಳ್ಳಿಗಳ ರೈತರ ಅಳಲಿಗೂ ಅರ್ಥವಿದೆ, ಪಕ್ಕದ ಊರಿನ ಎಕರೆಗೆ ಕೋಟಿ ಬರುವಾಗ ಇವರ ಭೂಮಿ ಮಾತ್ರ ಹಾಗೇ ಉಳಿಯಿತು. ಆದರೆ ಈ ಕೆರೆಗಳು ಹುಟ್ಟಿದ್ದು ಮೊದಲು ನೆರೆಗಾಗಿ. ಮಣ್ಣಿನ ಮೇಲೆ ಬಿದ್ದ ಮಳೆಯಲ್ಲಿ ಒಂದಿಷ್ಟು ಇಂಗುತ್ತದೆ, ಕಾಂಕ್ರೀಟಿನ ಮೇಲೆ ಬಿದ್ದದ್ದು ಅಷ್ಟೂ ಓಡುತ್ತದೆ. 10 ಕಿಲೋಮೀಟರ್ ಸುತ್ತಳತೆ ಕಾಂಕ್ರೀಟಾದರೆ ಅದೇ ಮಳೆ ಜಲಾಶಯಕ್ಕೆ ಬೇಗ ಬರುತ್ತದೆ, ಹೆಚ್ಚು ಬರುತ್ತದೆ. ಗೋದಾವರಿಯ ಕೊಳವೆ ಅದಕ್ಕೆ ಪರಿಹಾರವಲ್ಲ. ರೈತರಿಗೆ ಬೇರೆ ರೀತಿಯಲ್ಲಿ ನ್ಯಾಯ ಕೊಟ್ಟು ಆ ನೆಲವನ್ನು ತೆರೆದಿಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಈಗ ನಮ್ಮ ಮನೆ ಬಾಗಿಲಿಗೆ ಬರುತ್ತೇನೆ. ನಮ್ಮ ಜನ ಇಲ್ಲಿ ನಿವೇಶನವೋ ಫ್ಲಾಟೋ ಕೊಳ್ಳುವಾಗ ಸೇಲ್ ಡೀಡ್ ನೋಡುತ್ತಾರೆ, ವಾಸ್ತು ನೋಡುತ್ತಾರೆ, ಬ್ಯಾಂಕು ಸಾಲ ಕೊಟ್ಟರೆ ಎಲ್ಲ ಸರಿ ಎಂದುಕೊಳ್ಳುತ್ತಾರೆ. ನೀರಿನ ಪ್ರಶ್ನೆ ಕೇಳುವವರು ಕಡಿಮೆ. ಕಂದಾಯ ದಾಖಲೆಯಲ್ಲಿ 'ಶಿಕಂ' ಎಂಬ ಪದ ಕಂಡರೆ ನಿಲ್ಲಿ. ಹಳೆ ಹೈದರಾಬಾದ್ ಸಂಸ್ಥಾನದ ಪದ ಅದು, ಬೀದರ್, ಕಲಬುರಗಿಯ ಹಿರಿಯರಿಗೂ ಪರಿಚಿತ. ಶಿಕಂ ಎಂದರೆ ಕೆರೆಯ ಅಂಗಳ. ಅಲ್ಲಿ ಪಟ್ಟಾ ಇದ್ದರೂ ಅದು ನೀರು ಹಿಂದೆ ಸರಿದಾಗ ಬೆಳೆ ತೆಗೆಯುವ ಹಕ್ಕು, ಮನೆ ಕಟ್ಟುವ ಹಕ್ಕಲ್ಲ. ಎರಡನೆಯದು ಎಫ್.ಟಿ.ಎಲ್., ಕೆರೆ ಪೂರ್ತಿ ತುಂಬಿದಾಗ ನೀರು ನಿಲ್ಲುವ ಗೆರೆ. ಕಟ್ಟಡ ನಿಯಮದ ಪ್ರಕಾರ ಆ ಗೆರೆಯಿಂದಾಚೆಗೂ 10 ಹೆಕ್ಟೇರಿಗೆ ಕಡಿಮೆಯಿಲ್ಲದ ಕೆರೆಗೆ 30 ಮೀಟರ್, ಅದಕ್ಕಿಂತ ಸಣ್ಣದಕ್ಕೆ 9 ಮೀಟರ್ ಬಿಡಬೇಕು. ಇದನ್ನು ದಲ್ಲಾಳಿಯ ಬಾಯಿಂದ ಕೇಳಬೇಡಿ, ನೀರಾವರಿ ಇಲಾಖೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರದ ಕೆರೆ ನಕ್ಷೆಯಲ್ಲಿ ಸರ್ವೆ ನಂಬರು ಹಿಡಿದು ನೋಡಿ. ಮಳೆಗಾಲದಲ್ಲಿ ಒಮ್ಮೆ ಹೋಗಿ ಅಕ್ಕಪಕ್ಕದ ಕಿರಾಣಿ ಅಂಗಡಿಯವರನ್ನು 2020ರಲ್ಲಿ ಇಲ್ಲಿ ನೀರು ಎಷ್ಟು ನಿಂತಿತ್ತು ಎಂದು ವಿಚಾರಿಸಿ. ಅವರಿಗೆ ಮನೆ ಮಾರುವ ಲಾಭವಿಲ್ಲ, ನಿಜ ಹೇಳುತ್ತಾರೆ.

2024ರಲ್ಲಿ ಹೈಡ್ರಾ ಎಂಬ ಹೊಸ ಸಂಸ್ಥೆ ಬಂದು ಕೆರೆ ಅಂಗಳದ ಕಟ್ಟಡಗಳನ್ನು ಒಡೆಯತೊಡಗಿತು, ಮೂಸಿ ದಂಡೆಯ ಮನೆಗಳ ಮೇಲೆ ಕೆಂಪು ಗುರುತು ಬಿದ್ದವು. ಕೆರೆ ಉಳಿಯಬೇಕು, ಸರಿ. ಆದರೆ ಅನುಮತಿ ಕೊಟ್ಟ ಅಧಿಕಾರಿ, ನಕ್ಷೆ ಬರೆದವರು, ಲಾಭ ಎಣಿಸಿಕೊಂಡ ಬಿಲ್ಡರ್ ಎಲ್ಲ ಕ್ಷೇಮವಾಗಿದ್ದು, 20 ವರ್ಷದ ಸಾಲ ಮಾಡಿದವನ ಗೋಡೆ ಮಾತ್ರ ಬೀಳುವುದು ನ್ಯಾಯವಲ್ಲ. ನದಿ ದಂಡೆಯ ಬಡವರಿಗೆ ಬೇರೆಡೆ ಎರಡು ಕೋಣೆಯ ಮನೆ ಕೊಡುವುದಾಗಿ ಹೇಳಿದಾಗ ಕೆಲವರು ಹೋದರು, ಕೆಲವರು ಒಪ್ಪಲಿಲ್ಲ. ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ ಮನೆಯಷ್ಟೇ ಮುಖ್ಯ ಅವಳು ಕೆಲಸ ಮಾಡುವ ನಾಲ್ಕು ಮನೆಗಳು.

ಈ ವಿಷಯದಲ್ಲಿ ನಮ್ಮ ಉತ್ತರ ಕರ್ನಾಟಕದ ಅನುಭವ ನೆನೆಯಬೇಕು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆ ನಮ್ಮಲ್ಲಿ ಅನೇಕರಿಗೆ ನೆನಪಿದೆ. ಅದೇ ಮಳೆಯಲ್ಲಿ ಕರ್ನೂಲು ಮುಳುಗಿತು, ಮಂತ್ರಾಲಯದ ಮಠದೊಳಗೆ ತುಂಗಭದ್ರೆ ನುಗ್ಗಿತು. ವಿಜಯಪುರ, ಬಾಗಲಕೋಟೆ, ರಾಯಚೂರು, ಗದಗ ಕಡೆ 200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ಹೊಳೆಯ ಪಾಲಾದವರಲ್ಲ, ನೆನೆದು ಕುಸಿದ ಮಣ್ಣಿನ ಮಾಳಿಗೆಯ ಕೆಳಗೆ ಸಿಕ್ಕವರು. ಮಳೆ ಕಡಿಮೆ ಬರುವ ಸೀಮೆಯಲ್ಲಿ ಬಿಸಿಲಿಗೆ ಹೇಳಿ ಮಾಡಿಸಿದ ಆ ಮನೆಗಳು ನಾಲ್ಕು ದಿನದ ಜಡಿಮಳೆ ಕಂಡಿರಲಿಲ್ಲ.

ಆಮೇಲೆ ಸರ್ಕಾರ 'ಆಸರೆ' ಎಂಬ ಯೋಜನೆ ಹಾಕಿತು, ದಾನಿಗಳ ನೆರವಿನಿಂದ ಎತ್ತರದ ಜಾಗದಲ್ಲಿ ಹೊಸ ಊರುಗಳು ಎದ್ದವು. ಒಳ್ಳೆಯ ಉದ್ದೇಶದ ಕೆಲಸವೇ. ಆದರೂ ಕೆಲವೆಡೆ ಮನೆಗಳು ಖಾಲಿ ಉಳಿದವು, ಜನ ಹಳೆ ಊರಿಗೇ ಮರಳಿದರು. ಹೊಸ ಮನೆಯಲ್ಲಿ ಎತ್ತು ಕಟ್ಟಲು ಜಾಗವಿಲ್ಲ, ಹಗೇವಿಲ್ಲ, ಹೊಲ ದೂರ. ಕಟ್ಟುವ ಮುಂಚೆ ಮನೆಯ ಯಜಮಾನಿಯನ್ನು ಕೂರಿಸಿಕೊಂಡು ಅರ್ಧ ದಿನ ಮಾತನಾಡಿದ್ದರೆ ಇವೆಲ್ಲ ಗೊತ್ತಾಗುತ್ತಿತ್ತು. ಮುಂದೆ ಎಂದಾದರೂ ನಮ್ಮ ಸಂಘಗಳು ಊರಿಗೆ ಮನೆ ಕಟ್ಟಿಸಿಕೊಡುವ ಸಂದರ್ಭ ಬಂದರೆ ಅಡಿಪಾಯಕ್ಕಿಂತ ಮೊದಲು ಈ ಕೆಲಸವಾಗಲಿ.

ಸಂಘಗಳ ಮಾತು ಬಂದದ್ದರಿಂದ ಇನ್ನೊಂದು. ಊರಲ್ಲಿ ನೆರೆ ಎಂದೊಡನೆ ನಾವು ಹಳೆ ಬಟ್ಟೆ ಗಂಟು ಕಟ್ಟಿ ಕಳಿಸುತ್ತೇವೆ. ಕೆಸರಿನಲ್ಲಿ ನಿಂತವರಿಗೆ ಮದುವೆಯ ಹಳೆ ರೇಷ್ಮೆ ಸೀರೆ, ಸೂಟು ಏನು ಉಪಯೋಗ? ಅಂತಹ ರಾಶಿಗಳು ರಸ್ತೆ ಬದಿಯಲ್ಲಿ ಕೊಳೆಯುವುದನ್ನು ಎಲ್ಲ ನೆರೆಗಳಲ್ಲೂ ಕಾಣುತ್ತೇವೆ. ಮೊದಲ ವಾರಕ್ಕೆ ಊಟ, ಔಷಧ, ಹೊಸ ಚಾದರ ಕೊಡುವವರು ಬಹಳ ಮಂದಿ ಇರುತ್ತಾರೆ. ಮೂರನೆಯ ತಿಂಗಳಲ್ಲಿ ಯಾರೂ ಇರುವುದಿಲ್ಲ. ಕೊಚ್ಚಿಹೋದ ಹಸುವಿಗೆ ಬದಲು ಹಸು, ಹೊಲದ ಮೇಲೆ ಕುಳಿತ ಮರಳು ತೆಗೆಸಲು ಟ್ರಾಕ್ಟರ್ ಬಾಡಿಗೆ, ಮಕ್ಕಳ ಪರೀಕ್ಷಾ ಶುಲ್ಕ ಇವು ಆಗ ಬೇಕಾಗುತ್ತವೆ. ಅರ್ಧ ಹಣವನ್ನು ಆ ಮೂರನೆಯ ತಿಂಗಳಿಗೆ ಎತ್ತಿಡುವ ಸಂಘ ಜಾಣ ಸಂಘ.

ಮನೆಯ ಸಿದ್ಧತೆಯ ಬಗ್ಗೆ ಪಟ್ಟಿ ಓದಿ ತಮ್ಮನ್ನು ದಣಿಸುವುದಿಲ್ಲ, ಜನ ಸಾಮಾನ್ಯವಾಗಿ ತಪ್ಪುವ ಕೆಲವನ್ನಷ್ಟೇ ಹೇಳುತ್ತೇನೆ. ಹವಾಮಾನ ಇಲಾಖೆಯ ಕೇಸರಿ ಬಣ್ಣದ ಎಚ್ಚರಿಕೆ ಎಂದರೆ ಸಿದ್ಧರಾಗಿ ಎಂದು, ಕೆಂಪು ಎಂದರೆ ಕ್ರಮ ಕೈಗೊಳ್ಳಿ ಎಂದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ಆಪ್ ಮೊಬೈಲಿನಲ್ಲಿ ಇರಲಿ, ಜೀವಕ್ಕೆ ಅಪಾಯವಾದರೆ 112. ತಗ್ಗಿನ ಮನೆಯಾದರೆ ನೀರು ಒಳಬರುವ ಮುಂಚೆ ಮೇನ್ ಸ್ವಿಚ್ ಆರಿಸಿ, ನೀರಲ್ಲಿ ನಿಂತು ಆರಿಸಲು ಹೋಗಬೇಡಿ. ಇಳಿದ ಮೇಲೆ ಎಲೆಕ್ಟ್ರಿಷಿಯನ್ ನೋಡದೆ ಹಾಕಬೇಡಿ. ಹರಿಯುವ ನೀರು ಮೊಣಕಾಲಿಗೆ ಬಂದರೆ ಗಟ್ಟಿ ಆಳನ್ನೂ ಕೆಡವುತ್ತದೆ, ಅದಕ್ಕಿಂತ ಸ್ವಲ್ಪ ಹೆಚ್ಚಾದರೆ ಕಾರನ್ನು ತೇಲಿಸುತ್ತದೆ. ನೆಲಮಾಳಿಗೆಯಲ್ಲಿ ನಿಲ್ಲಿಸಿದ ಕಾರು ತರಲು ಇಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಿದರೆ ಎಂಜಿನ್ ಕೆಡುತ್ತದೆ, ಆ ನಷ್ಟವನ್ನು ಮಾಮೂಲು ವಿಮೆ ಕೊಡುವುದಿಲ್ಲ.

ವಿಮೆಯ ಬಗ್ಗೆ ನಮ್ಮವರು ಬಲು ಉದಾಸೀನರು. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ನಮೂನೆಯ ಪಾಲಿಸಿ ಇದೆ, ನೆರೆಯೂ ಅದರಲ್ಲಿ ಸೇರಿದೆ. ಬಾಡಿಗೆ ಮನೆಯವರು ಸಾಮಾನಿಗಷ್ಟೇ ಮಾಡಿಸಬಹುದು. ಮನೆಯ ಸಾಮಾನಿನ ಫೋಟೋ ಈಗಲೇ ತೆಗೆದು ಊರಲ್ಲಿರುವ ಅಣ್ಣನಿಗೋ ತಂಗಿಗೋ ಕಳಿಸಿಡಿ. ನೆರೆ ಇಳಿದ ಮೇಲೆ ಒಂದು ಫೋಟೋ, ಆಮೇಲೆ ಪೊರಕೆ. ನಮ್ಮ ಹೆಂಗಸರಿಗೆ ಮನೆ ಕೆಸರಾಗಿರುವುದನ್ನು ಒಂದು ಗಳಿಗೆಯೂ ನೋಡಲಾಗುವುದಿಲ್ಲ, ತೊಳೆದುಬಿಡುತ್ತಾರೆ, ಅದರ ಜೊತೆಗೆ ಪುರಾವೆಯೂ ಹೋಗುತ್ತದೆ.

ಅಪಾರ್ಟ್‌ಮೆಂಟುಗಳಲ್ಲಿ ಎಲ್ಲರೂ ಮರೆಯುವುದು ನೆಲದಡಿಯ ಸಂಪು. ನೆರೆಯ ನೀರಲ್ಲಿ ಚರಂಡಿಯೂ ಸೇರಿರುತ್ತದೆ, ಸಂಪಿಗೆ ಇಳಿದರೆ ಅದೇ ಟ್ಯಾಂಕಿಗೆ ಏರುತ್ತದೆ. ಪೂರ್ತಿ ಖಾಲಿ ಮಾಡಿಸಿ, ಉಜ್ಜಿಸಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆಸಿದ ಮೇಲೆಯೇ ತುಂಬಿಸಬೇಕು. ಅಲ್ಲಿಯವರೆಗೆ ಕುದಿಸಿದ ನೀರು. ಕಾಲಿನಲ್ಲಿ ಗಾಯವಿದ್ದವರು ಆ ನೀರಿಗೆ ಇಳಿಯಬಾರದು, ಇಳಿದು ಒಂದೆರಡು ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ನೆರೆ ನೀರಿನಲ್ಲಿ ನಡೆದಿದ್ದೆ ಎಂದು ವೈದ್ಯರಿಗೆ ಹೇಳಿ. ಮುಂಬಯಿಯಲ್ಲಿ 2005ರ ನೆರೆ ಇಳಿದ ಮೇಲೆ ಇಲಿಜ್ವರ ಹರಡಿ ಅನೇಕರನ್ನು ಕಾಡಿತು.

ಇನ್ನು ಕೊನೆಯದಾಗಿ ಒಂದು ಭಾನುವಾರದ ಕೆಲಸ. ಮೂಸಿ ತಮಗೆ ದೂರವಿರಬಹುದು, ಆದರೆ ತಮ್ಮ ಬಡಾವಣೆಯ ಮೇಲ್ಗಡೆ ಒಂದು ಕೆರೆಯೋ ಕುಂಟೆಯೋ ಇದ್ದೇ ಇರುತ್ತದೆ. ಬೆಳಗಿನ ವಾಕಿಂಗನ್ನು ಒಂದು ದಿನ ಅತ್ತ ತಿರುಗಿಸಿ. ಏರಿಯ ಮೇಲೆ ನಡೆಯಿರಿ, ಕೋಡಿ ಎಲ್ಲಿದೆ ನೋಡಿ. ಅದರ ಬಾಯಿಗೆ ಗೋಡೆ ಕಟ್ಟಿದ್ದಾರೆಯೇ, ಕಟ್ಟಡದ ಮಣ್ಣು ಸುರಿದಿದ್ದಾರೆಯೇ, ಅಲ್ಲಿಂದ ಹೊರಟ ಕಾಲುವೆ ತಮ್ಮ ಬೀದಿಗೆ ಬರುವಷ್ಟರಲ್ಲಿ ಎಷ್ಟು ಕಿರಿದಾಗಿದೆ, ಫೋಟೋ ಸಮೇತ ನಗರಪಾಲಿಕೆಗೆ ಬರೆಯಿರಿ. ಜೂನ್‌ಗೆ ಮುಂಚೆ ಬರೆದರೆ ಜೆಸಿಬಿ ಬರಲು ಸಮಯವಿರುತ್ತದೆ. ಕೋಡಿ ಎಂದರೆ ಇಲ್ಲಿಯವರಿಗೆ ತಿಳಿಯಲಿಕ್ಕಿಲ್ಲ. ತೆಲುಗಿನಲ್ಲಿ ಅದಕ್ಕೆ 'ಅಲುಗು' ಎನ್ನುತ್ತಾರೆ. ಬೀದಿಯಲ್ಲಿ ಎಲ್ಲರಿಗಿಂತ ಹಿರಿಯ ಅಜ್ಜಿಯನ್ನು ಹುಡುಕಿ, ಅಲುಗು ಎಲ್ಲಿತ್ತು ಅಮ್ಮಾ ಎಂದು ಕೇಳಿ, ಕೈ ತೋರಿಸುತ್ತಾರೆ.